8 ಜಿಬಿ ರ‍್ಯಾಮ್‌ನ ಹಳೆ ಡೆಸ್ಕ್‌ಟಾಪ್: ಗಿಟ್, ಪೈಥಾನ್ ಹೇಗೆ ಹಾಕಿಕೊಳ್ಳಲಿ?

ಹೇಮಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಾವು ನಾಲ್ಕು ಜನ ಸೇರಿ ನಮ್ಮ ತಾಲ್ಲೂಕಿನ ಬೇಸಾಯದ ಪದಗಳನ್ನು ಕೂಡಿಸುತ್ತಿದ್ದೇವೆ. ನೊಗ, ಮೇಳಿ, ಕುಂಟೆ, ಕೂರಿಗೆ, ಹಲುಬೆ, ಇಂಥವು. ಹೋಬಳಿಗೊಂದು ಫೈಲ್. ಒಬ್ಬರು ತಿದ್ದಿದ್ದು ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ, ವಾಟ್ಸಾಪಿನಲ್ಲಿ ಓಡಾಡಿ ಓಡಾಡಿ ಯಾವ ಫೈಲ್ ಹೊಸದು ಅನ್ನುವುದೇ ತಿಳಿಯದಂತಾಗಿದೆ. ಫೈಲ್‌ನಲ್ಲಿ ಯಾರು ಏನು ತಿದ್ದಿದರು ಅಂತ ಲೆಕ್ಕ ಇಡುವ ಗಿಟ್ ಬಳಸೋಣ ಅಂತ ತಂಡದಲ್ಲೊಬ್ಬರು ಹೇಳಿದರು. ಪದಗಳನ್ನು ಅಕಾರಾದಿಯಾಗಿ ಜೋಡಿಸಲು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುವ ಆಸೆಯೂ ಇದೆ.

ಮನೆಯಲ್ಲಿರುವುದು ಹಳೆ ಡೆಸ್ಕ್‌ಟಾಪ್. ಏಳನೇ ತಲೆಮಾರಿನ ಐ3, 8 ಜಿಬಿ ರ‍್ಯಾಮ್, 240 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 10. ಅಪ್ಪ ಅದರಲ್ಲೇ ನುಡಿ ತಂತ್ರಾಂಶ ಬಳಸಿ ಸಹಕಾರ ಸಂಘದ ಪತ್ರಗಳನ್ನು ಟೈಪ್ ಮಾಡುತ್ತಾರೆ, ಹಾಗಾಗಿ ವಿಂಡೋಸ್ ತೆಗೆಯುವ ಹಾಗಿಲ್ಲ. ಇಂಟರ್ನೆಟ್ ಮೊಬೈಲ್ ಹಾಟ್‌ಸ್ಪಾಟ್‌ನಿಂದ. ವಿಡಿಯೋಗಳಲ್ಲಿ ಒಬ್ಬರು ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಹಾಕಿ ಅನ್ನುತ್ತಾರೆ, ಒಬ್ಬರು ಲಿನಕ್ಸನ್ನೇ ಹಾಕಿ ಅನ್ನುತ್ತಾರೆ. ಯಾವುದು ಹಾಕಲಿ?

ಮಿಂಟ್‌ಪ್ರಿಯ

ಲಿನಕ್ಸ್ ಮಿಂಟ್, ಯೋಚನೆಯೇ ಬೇಡ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಏಳನೇ ತಲೆಮಾರಿನ ಐ3 ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಮಿಂಟ್ 22ಕ್ಕೆ 2029ರ ವರೆಗೆ ಅಪ್‌ಡೇಟ್ ಸಿಗುತ್ತದೆ, ನಿಮ್ಮ ಯಂತ್ರದಲ್ಲಿ ಹಗುರವಾಗಿ ಓಡುತ್ತದೆ. ಪೈಥಾನ್ ಅದರಲ್ಲಿ ಮೊದಲೇ ಇರುತ್ತದೆ, ಗಿಟ್ ಇಲ್ಲದಿದ್ದರೆ ಟೂಲ್ ಹಾಕುವ ಆಪ್ಟ್ ಕಮಾಂಡ್‌ನಲ್ಲಿ ಒಂದೇ ಸಾಲಿನ ಕೆಲಸ. ವಿಂಡೋಸ್ ಪಕ್ಕದಲ್ಲೇ ಇರಲಿ, ಆನ್ ಮಾಡುವಾಗ ಎರಡರಲ್ಲಿ ಒಂದನ್ನು ಆರಿಸುವ ಡ್ಯುಯಲ್ ಬೂಟ್ ಮಾಡಿ.

ಬಯಲುಸೀಮೆ

ಮಿಂಟ್ ಒಳ್ಳೆಯದೇ. ಆದರೆ ಮನೆಯಲ್ಲಿ ಇಬ್ಬರು ಬಳಸುವ ಕಂಪ್ಯೂಟರ್ ಅದು. ಅಪ್ಪ ಆನ್ ಮಾಡಿದಾಗಲೆಲ್ಲ ಮೆನು ಬಂದು ನಿಲ್ಲುತ್ತದೆ. ನೀವು ಕೆಲಸದ ಮಧ್ಯೆ ಇರುವಾಗ ಅವರಿಗೆ ಪತ್ರ ಬೇಕಾದರೆ ರೀಸ್ಟಾರ್ಟ್ ಮಾಡಬೇಕು. ಡಿಸ್ಕ್ ಭಾಗ ಮಾಡುವಾಗ ಬ್ಯಾಕಪ್ ಇಲ್ಲದಿದ್ದರೆ ಸಂಘದ ಪತ್ರಗಳ ಗತಿ?

ಡಬ್ಲ್ಯೂಎಸ್‌ಎಲ್ ಹಾಕಿ. ವಿಂಡೋಸ್ 10ರ 2004 ಅನ್ನುವ ಸಂಖ್ಯೆಯ (ಇಸವಿ ಅಲ್ಲ) ಆವೃತ್ತಿಯಿಂದ ಈಚೆಗಿನದಾದರೆ ಪವರ್‌ಶೆಲ್ ಅನ್ನುವ ಕಮಾಂಡ್ ಕಿಟಕಿಯನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಒಂದೇ ಕಮಾಂಡ್‌ಗೆ ಉಬುಂಟು ಅನ್ನುವ ಲಿನಕ್ಸ್ ಬಂದು ಕೂರುತ್ತದೆ. ಅದಕ್ಕೆ ಮುಂಚೆ ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಸಿಪಿಯು ನೋಡಿ. ವರ್ಚುವಲೈಸೇಶನ್ ಅನ್ನುವ ಮುಂದೆ ಎನೇಬಲ್ಡ್ ಅಂತ ಇರಬೇಕು. ಇಲ್ಲದಿದ್ದರೆ ಯಂತ್ರ ಆನ್ ಆಗುವಾಗ ತೆರೆಯುವ ಬಯೋಸ್ ಸೆಟ್ಟಿಂಗ್‌ಗೆ ಹೋಗಿ ಆನ್ ಮಾಡಬೇಕು.

ಕಪ್ಪುಪರದೆ

ಮೇಡಂ, ಇಬ್ಬರು ಹೇಳಿದ ದಾರಿಯೂ ಸರಿ. ಆದರೆ ನಿಮ್ಮ ಕೆಲಸ ಯಾವುದು ಅಂತ ನೋಡಿದರೆ ಎರಡೂ ಬೇಡ ಅನಿಸುತ್ತದೆ. ನಿಮಗೆ ಬೇಕಾಗಿರುವುದು ಪಠ್ಯದ ಫೈಲ್‌ಗಳು, ಗಿಟ್, ಒಂದಿಷ್ಟು ಪೈಥಾನ್. ಸರ್ವರ್ ನಡೆಸುವಂಥ ಭಾರಿ ಕೆಲಸ ಇಲ್ಲ.

ಡಬ್ಲ್ಯೂಎಸ್‌ಎಲ್‌ನ ಎರಡನೇ ಆವೃತ್ತಿ ಅಂದರೆ ಒಳಗೊಂದು ವರ್ಚುವಲ್ ಮೆಷಿನ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಇದ್ದ ಹಾಗೆ), ಅದಕ್ಕೆ ಸ್ವಂತ ಲಿನಕ್ಸ್ ಕರ್ನೆಲ್, ಅಂದರೆ ತಿರುಳು. ಸೆಟ್ಟಿಂಗ್ ಮುಟ್ಟದಿದ್ದರೆ ಒಟ್ಟು ರ‍್ಯಾಮ್‌ನ ಅರ್ಧದವರೆಗೆ ಅದು ತೆಗೆದುಕೊಳ್ಳಬಹುದು. 8ರಲ್ಲಿ 4 ಅಲ್ಲಿಗೇ ಹೋದರೆ ಬ್ರೌಸರ್ ತೆರೆದ ತಕ್ಷಣ ಯಂತ್ರ ಏದುಸಿರು ಬಿಡುತ್ತದೆ. ಅದರ ಡಿಸ್ಕ್ ಫೈಲ್ ಬೆಳೆಯುತ್ತಾ ಹೋಗುತ್ತದೆ, ಒಳಗೆ ಅಳಿಸಿದರೂ ತಾನಾಗಿ ಕುಗ್ಗುವುದಿಲ್ಲ. ಇನ್ನೊಂದು ತೊಡಕು ಇದೆ. ನಿಮ್ಮ ಫೈಲ್‌ಗಳು ಸಿ ಡ್ರೈವ್‌ನಲ್ಲಿ ಇದ್ದು, ಅವನ್ನು ಡಬ್ಲ್ಯೂಎಸ್‌ಎಲ್ ಒಳಗಿನಿಂದ ತೆರೆದರೆ ಗಿಟ್ ನಿಧಾನವಾಗುತ್ತದೆ. ವೇಗ ಬೇಕಾದರೆ ಫೈಲ್‌ಗಳನ್ನು ಲಿನಕ್ಸಿನ ಹೋಮ್ ಫೋಲ್ಡರ್‌ನಲ್ಲೇ ಇಡಬೇಕು.

ಗಿಟ್ ಫಾರ್ ವಿಂಡೋಸ್ ಹಾಕಿಕೊಂಡರೆ ಗಿಟ್ ಬ್ಯಾಷ್ ಅನ್ನುವ ಕಮಾಂಡ್ ಕಿಟಕಿ ಜೊತೆಗೇ ಬರುತ್ತದೆ. ಪದ ಹುಡುಕುವ ಗ್ರೆಪ್, ತಿದ್ದುವ ಸೆಡ್, ಆಕ್, ಜೋಡಿಸುವ ಸಾರ್ಟ್, ಹೋಲಿಸಿ ತೋರಿಸುವ ಡಿಫ್ ಎಲ್ಲವೂ ಅದರೊಳಗೆ ಇವೆ. ನಿಮ್ಮ ಕೆಲಸಕ್ಕೆ ಇಷ್ಟು ಧಾರಾಳ ಸಾಕು. ಡೇಟಾ ಖರ್ಚೂ ಕಡಿಮೆ.

ಹೀಗೆ ಮಾಡಿ. ಮೊದಲು ನಿಮಗೇ ಒಂದು ಬೇರೆ ಯೂಸರ್ ಅಕೌಂಟ್ ಮಾಡಿಕೊಳ್ಳಿ. ಹೆಸರು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಇರಲಿ, ಮಧ್ಯೆ ಜಾಗ ಬೇಡ. ಇದು ಸಣ್ಣ ವಿಷಯ ಅಂತ ಬಿಡಬೇಡಿ. ಅಪ್ಪನ ಅಕೌಂಟ್ ಹೆಸರು ಕನ್ನಡದಲ್ಲಿದ್ದರೆ ಅಥವಾ ಹೆಸರು, ಇನಿಷಿಯಲ್ ಮಧ್ಯೆ ಜಾಗ ಇದ್ದರೆ ಯೂಸರ್ ಫೋಲ್ಡರ್ ಕೂಡ ಅದೇ ಹೆಸರಿನಲ್ಲಿ ಇರುತ್ತದೆ. ಕೆಲವು ಟೂಲ್‌ಗಳು ಅಂಥ ದಾರಿ ಸಿಕ್ಕಿದರೆ ಮಧ್ಯದಲ್ಲೇ ಕೈಕೊಡುತ್ತವೆ, ಎರರ್ ನೋಡಿದರೆ ಕಾರಣ ಹೊಳೆಯುವುದಿಲ್ಲ. ಆಮೇಲೆ ಅಕೌಂಟ್ ಹೆಸರು ಬದಲಿಸಿದರೂ ಫೋಲ್ಡರ್ ಹೆಸರು ಬದಲಾಗುವುದಿಲ್ಲ.

ನಂತರ ಗಿಟ್ ಫಾರ್ ವಿಂಡೋಸ್. ಇನ್‌ಸ್ಟಾಲರ್ ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತದೆ. ಎಡಿಟರ್ ಯಾವುದು ಅನ್ನುವಲ್ಲಿ ವಿಮ್ ಇದ್ದರೆ ಬದಲಿಸಿ ನೋಟ್‌ಪ್ಯಾಡ್ ಅಥವಾ ವಿಎಸ್ ಕೋಡ್ ಆರಿಸಿ. ಉಳಿದದ್ದು ಇದ್ದ ಹಾಗೇ ಇರಲಿ. ಆಮೇಲೆ ಪೈಥಾನ್, ಅದರ ಅಧಿಕೃತ ಸೈಟಿನಿಂದಲೇ. ಮೊದಲ ಪರದೆಯ ಕೆಳಗೆ ಪಾತ್‌ಗೆ (ಪ್ರೋಗ್ರಾಮ್ ಹುಡುಕಲು ವಿಂಡೋಸ್ ನೋಡುವ ಫೋಲ್ಡರ್‌ಗಳ ಪಟ್ಟಿಗೆ) ಸೇರಿಸುವ ಚೌಕ ಇರುತ್ತದೆ, ಅದಕ್ಕೆ ಟಿಕ್ ಹಾಕಿ. ನಂತರ ತೆರೆದಿರುವ ಎಲ್ಲ ಕಪ್ಪು ಕಮಾಂಡ್ ಕಿಟಕಿಗಳನ್ನು ಮುಚ್ಚಿ ಹೊಸದು ತೆರೆಯಿರಿ. ಪಾತ್ ಬದಲಾದದ್ದು ಹಳೆ ಕಿಟಕಿಗೆ ಗೊತ್ತಾಗುವುದಿಲ್ಲ.

ಒಂದು ಮಾತು ಮಾತ್ರ ಬಿಡದೆ ಪಾಲಿಸಿ. ಒಂದು ಟೂಲನ್ನು ಒಂದೇ ಕಡೆಯಿಂದ ಹಾಕಿಕೊಳ್ಳಿ. ಪೈಥಾನ್ ಸ್ಟೋರ್‌ನಿಂದ ಒಂದು, ಸೈಟಿನಿಂದ ಒಂದು, ಅನಕೊಂಡಾ ಅನ್ನುವ ಪೈಥಾನ್ ಕಟ್ಟಿನಿಂದ ಇನ್ನೊಂದು ಅಂತ ಕೂಡಿಕೊಂಡರೆ ಮುಂದಿನ ತೊಂದರೆಗಳಲ್ಲಿ ಮುಕ್ಕಾಲು ಅಲ್ಲಿಂದಲೇ ಬರುತ್ತವೆ.

ಬಯಲುಸೀಮೆ

ಅವರ ಕೆಲಸಕ್ಕೆ ಗಿಟ್ ಬ್ಯಾಷ್ ಸಾಕು, ಒಪ್ಪಿದೆ. ಬೇರೆ ಓದುಗರಿಗೆ ಒಂದು ಮಾತು: ಡಬ್ಲ್ಯೂಎಸ್‌ಎಲ್ ಬೇಕೇ ಬೇಕು ಅನ್ನುವವರು ಯೂಸರ್ ಫೋಲ್ಡರ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ಡಬ್ಲ್ಯೂಎಸ್‌ಎಲ್ ಕಾನ್ಫಿಗ್ ಫೈಲ್ ಮಾಡಿ ಮೆಮೊರಿಗೆ 2 ಅಥವಾ 3 ಜಿಬಿಯ ಮಿತಿ ಹಾಕಬಹುದು. ಆಮೇಲೆ ಡಬ್ಲ್ಯೂಎಸ್‌ಎಲ್ ಶಟ್‌ಡೌನ್ ಕೊಟ್ಟು ಮತ್ತೆ ಶುರು ಮಾಡಬೇಕು, ಇಲ್ಲದಿದ್ದರೆ ಮಿತಿ ಜಾರಿಗೆ ಬರುವುದಿಲ್ಲ.

ಹೇಮಾವತಿ_ದಂಡೆ

ತುಂಬಾ ಉಪಕಾರ ಆಯಿತು. ಹೊಸ ಅಕೌಂಟ್ ಮಾಡಿದೆ, ಗಿಟ್ ಬಂತು, ಪೈಥಾನ್ ಹಾಕಿದೆ. ಆದರೆ ಪೈಥಾನ್ ಅಂತ ಟೈಪ್ ಮಾಡಿದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ. ಹಾಕಿದ್ದು ಎಲ್ಲಿ ಹೋಯಿತು?

ಕಪ್ಪುಪರದೆ

ಎಲ್ಲೂ ಹೋಗಿಲ್ಲ. ನಿಮ್ಮದಕ್ಕಿಂತ ಮುಂಚೆ ಇನ್ನೊಂದು ಉತ್ತರ ಕೊಡುತ್ತಿದೆ, ಅಷ್ಟೇ.

ನೀವು ಒಂದು ಹೆಸರು ಟೈಪ್ ಮಾಡಿದಾಗ ವಿಂಡೋಸ್ ಪಾತ್ ಪಟ್ಟಿಯಲ್ಲಿರುವ ಫೋಲ್ಡರ್‌ಗಳನ್ನು ಒಂದೊಂದಾಗಿ ಹುಡುಕುತ್ತದೆ. ಮೊದಲು ಸಿಕ್ಕಿದ್ದನ್ನು ಓಡಿಸುತ್ತದೆ, ಮುಂದಕ್ಕೆ ನೋಡುವುದೇ ಇಲ್ಲ. ಈ ಪಟ್ಟಿಯಲ್ಲಿ ಸಿಸ್ಟಮ್ ಪಾತ್ ಮೊದಲು, ಯೂಸರ್ ಪಾತ್ ಆಮೇಲೆ. ಸ್ಟೋರ್‌ಗೆ ಕರೆದೊಯ್ಯುವ ಒಂದು ಖಾಲಿ ಪೈಥಾನ್ ವಿಂಡೋಸ್ ಜೊತೆಯಲ್ಲೇ ಬರುತ್ತದೆ. ಅದನ್ನು ಆಫ್ ಮಾಡಿ. ಸೆಟ್ಟಿಂಗ್ಸ್, ಆಪ್ಸ್, ಅಲ್ಲಿ ಆಪ್ ಎಕ್ಸಿಕ್ಯೂಶನ್ ಏಲಿಯಾಸಸ್. ಪೈಥಾನ್ ಹೆಸರಿನ ಎರಡು ಸ್ವಿಚ್ ಇರುತ್ತವೆ, ಎರಡನ್ನೂ ಆಫ್ ಮಾಡಿ.

ಯಾರು ಉತ್ತರ ಕೊಡುತ್ತಿದ್ದಾರೆ ಅಂತ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಸಾದಾ ಕಮಾಂಡ್ ಪ್ರಾಂಪ್ಟ್‌ನಲ್ಲಿ ವೇರ್ ಅಂತ ಬರೆದು ಪಕ್ಕದಲ್ಲಿ ಟೂಲಿನ ಹೆಸರು ಕೊಡಿ. ಸಿಕ್ಕ ಎಲ್ಲ ಜಾಗಗಳನ್ನೂ ಸಾಲಾಗಿ ತೋರಿಸುತ್ತದೆ, ಮೇಲಿನದೇ ಓಡುವುದು. ಪವರ್‌ಶೆಲ್‌ನಲ್ಲಿ ಮಾತ್ರ ಹುಷಾರು. ಅಲ್ಲಿ ವೇರ್ ಅನ್ನುವುದು ಬೇರೆಯೇ ಕಮಾಂಡ್‌ನ ಅಡ್ಡಹೆಸರು, ಹಾಗಾಗಿ ಏನೂ ತೋರಿಸದೆ ಸುಮ್ನೆ ಇರುತ್ತದೆ. ವೇರ್ ಪದದ ಕೊನೆಗೆ ಚುಕ್ಕಿ ಇಟ್ಟು ಇಎಕ್ಸ್‌ಇ ಸೇರಿಸಿದರೆ ಸರಿಯಾಗಿ ಹುಡುಕುತ್ತದೆ. ಗಿಟ್ ಬ್ಯಾಷ್‌ನಲ್ಲಿ ಟೈಪ್ ಅನ್ನುವ ಕಮಾಂಡ್‌ಗೆ ಅಡ್ಡಗೆರೆ ಎ ಸೇರಿಸಿ, ಆಮೇಲೆ ಟೂಲಿನ ಹೆಸರು.

ಪಾತ್ ತಿದ್ದಲು ಸೆಟ್‌ಎಕ್ಸ್ ಕಮಾಂಡ್ ಕೊಡಿ ಅಂತ ಕೆಲವು ಕಡೆ ಬರೆದಿರುತ್ತಾರೆ. ಪಾತ್‌ಗೆ ಅದು ಬೇಡ. 1024 ಅಕ್ಷರಕ್ಕಿಂತ ಉದ್ದವಿದ್ದರೆ ಉಳಿದದ್ದನ್ನು ಕತ್ತರಿಸಿ ಬಿಸಾಡುತ್ತದೆ. ವಿಂಡೋಸ್‌ನ ಎನ್ವಿರಾನ್‌ಮೆಂಟ್ ವೇರಿಯೇಬಲ್ಸ್ (ಪಾತ್‌ನಂಥ ಸೆಟ್ಟಿಂಗ್‌ಗಳ) ಕಿಟಕಿಯಲ್ಲೇ ಸಾಲು ಸಾಲಾಗಿ ತಿದ್ದಿ.

ತುಂಗಾತೀರ

ಇದಕ್ಕೆ ಸೇರಿದ ಇನ್ನೊಂದು. ಗಿಟ್ ಬ್ಯಾಷ್‌ನ ಸ್ವಂತ ಕಿಟಕಿಯಲ್ಲಿ ಪೈಥಾನ್ ಕೊಟ್ಟರೆ ಕೆಲವೊಮ್ಮೆ ಏನೂ ಬರದೆ ಕರ್ಸರ್ ಮಿನುಗುತ್ತಾ ನಿಲ್ಲುತ್ತದೆ. ಹಾಳಾಗಿಲ್ಲ, ಆ ಕಿಟಕಿಗೂ ವಿಂಡೋಸ್ ಪ್ರೋಗ್ರಾಮ್‌ಗೂ ಹೊಂದಾಣಿಕೆ ಕಡಿಮೆ. ಮುಂದೆ ವಿನ್‌ಪಿಟಿವೈ ಅಂತ ಸೇರಿಸಿ ಕೊಡಿ. ಅಥವಾ ವಿಂಡೋಸ್ ಟರ್ಮಿನಲ್ ಹಾಕಿಕೊಂಡು ಅದರೊಳಗೆ ಗಿಟ್ ಬ್ಯಾಷ್ ತೆರೆಯಿರಿ. ನಾನಾದರೆ ಎರಡನೆಯದನ್ನೇ ಮಾಡುತ್ತೇನೆ.

ಮ್ಯಾಕ್‌ಮನೆ

ಒಂದು ಟೂಲ್ ಒಂದೇ ಕಡೆಯಿಂದ ಅನ್ನುವ ಮಾತು ಮ್ಯಾಕ್ ಮಿನಿ ಇಟ್ಟುಕೊಂಡವರಿಗೂ ಸೇರುತ್ತದೆ. ಅಲ್ಲಿ ಆಪಲ್‌ನ ದೊಡ್ಡ ಪ್ರೋಗ್ರಾಮಿಂಗ್ ತಂತ್ರಾಂಶ ಎಕ್ಸ್‌ಕೋಡ್ ಪೂರ್ತಿ ಇಳಿಸಬೇಕಾಗಿಲ್ಲ. ಟರ್ಮಿನಲ್‌ನಲ್ಲಿ ಎಕ್ಸ್‌ಕೋಡ್ ಸೆಲೆಕ್ಟ್‌ಗೆ ಇನ್‌ಸ್ಟಾಲ್ ಅಂತ ಕೊಟ್ಟರೆ ಕಮಾಂಡ್ ಲೈನ್ ಟೂಲ್ಸ್ ಮಾತ್ರ ಬರುತ್ತವೆ, ಗಿಟ್, ಕ್ಲಾಂಗ್ ಕಂಪೈಲರ್ ಅದರಲ್ಲೇ ಇವೆ. ಮ್ಯಾಕ್‌ಒಎಸ್ ದೊಡ್ಡ ಅಪ್‌ಡೇಟ್ ಆದ ಮೇಲೆ ಗಿಟ್ ಕೊಟ್ಟರೆ ಡೆವಲಪರ್ ಪಾತ್ ಸರಿಯಿಲ್ಲ ಅಂತ ಎಕ್ಸ್‌ಸಿರನ್ ಎರರ್ ಬಂದರೆ ಅದೇ ಕಮಾಂಡ್ ಮತ್ತೊಮ್ಮೆ ಕೊಡಿ. ಮ್ಯಾಕ್‌ನಲ್ಲಿ ಟೂಲ್ ಹಾಕಿಕೊಡುವ ಹೋಮ್‌ಬ್ರೂ ಬೇಕು ಅನ್ನುವವರು ಗಮನಿಸಿ: ಇಂಟೆಲ್ ಮ್ಯಾಕ್‌ನಲ್ಲಿ ಅದು ಯುಎಸ್ಆರ್ ಒಳಗಿನ ಲೋಕಲ್ ಫೋಲ್ಡರ್‌ನಲ್ಲಿ ಇರುತ್ತದೆ, ಆಪಲ್ ಚಿಪ್‌ನಲ್ಲಿ ಒಪಿಟಿ (opt) ಒಳಗಿನ ಹೋಮ್‌ಬ್ರೂ ಫೋಲ್ಡರ್‌ನಲ್ಲಿ. ಹಳೆ ಮ್ಯಾಕ್‌ನಿಂದ ಎಲ್ಲವನ್ನೂ ನಕಲು ಮಾಡಿ ತಂದವರಿಗೆ ಇದರಿಂದಲೇ ಎರಡೆರಡು ಬ್ರೂ ಸಿಗುವುದು.

ಹೇಮಾವತಿ_ದಂಡೆ

ಪೈಥಾನ್ ಸರಿಯಾಯಿತು! ಗಿಟ್ ಕೂಡ ನಡೆಯುತ್ತಿದೆ. ಆದರೆ ಫೈಲ್‌ಗಳಿಗೆ ಹೋಬಳಿಯ ಹೆಸರು ಕನ್ನಡದಲ್ಲೇ ಇಟ್ಟಿದ್ದೇವೆ. ಗಿಟ್ ಸ್ಟೇಟಸ್ ಕೊಟ್ಟರೆ ಹೆಸರಿನ ಜಾಗದಲ್ಲಿ 340, 262 ಅಂತ ಬರೀ ಅಂಕಿಗಳು, ಮಧ್ಯೆ ಮಧ್ಯೆ ಓರೆಗೆರೆ. ಫೈಲ್ ಹೆಸರು ಕೆಟ್ಟು ಹೋಯಿತೇ?

ನುಡಿಗಂಟು

ಕೆಟ್ಟಿಲ್ಲ, ಮೇಡಂ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಕೋಡ್‌ಪಾಯಿಂಟ್‌ಗೂ (ಅಕ್ಷರಕ್ಕೋ ಗುರುತಿಗೋ ಕೊಟ್ಟ ಸಂಖ್ಯೆಗೂ) ಮೂರು ಬೈಟ್. ‘ಕ’ ಅನ್ನುವುದು 340, 262, 225 ಎಂಬ ಮೂರು ಆಕ್ಟಲ್ (ಎಂಟರ ಲೆಕ್ಕದ) ಅಂಕಿಗಳು. ಕನ್ನಡದ ಎಲ್ಲ ಅಕ್ಷರವೂ 340ರಿಂದಲೇ ಶುರುವಾಗುತ್ತದೆ, ಆಮೇಲೆ 262 ಅಥವಾ 263. ಗಿಟ್ ತನಗೆ ಗೊತ್ತಿರುವ ಸಾದಾ ಅಕ್ಷರ ಅಲ್ಲದಿದ್ದರೆ ಹೀಗೆ ಅಂಕಿಯಾಗಿ ತೋರಿಸುತ್ತದೆ. ಗಿಟ್ ಕಾನ್ಫಿಗ್ ಗ್ಲೋಬಲ್‌ನಲ್ಲಿ ಕೋರ್ ಚುಕ್ಕಿ ಕೋಟ್‌ಪಾತ್ ಅನ್ನುವುದಕ್ಕೆ ಫಾಲ್ಸ್ ಕೊಡಿ. ಮುಂದಿನ ಸಲದಿಂದ ಕನ್ನಡದಲ್ಲೇ ಕಾಣುತ್ತದೆ.

ಆದರೂ ಟರ್ಮಿನಲ್‌ನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಕಾಣಬಹುದು. ಟರ್ಮಿನಲ್ ಅಂದರೆ ಚೌಕುಳಿ ಹಾಳೆ, ಒಂದು ಚೌಕಕ್ಕೆ ಒಂದು ಅಕ್ಷರ ಅನ್ನುವ ಲೆಕ್ಕ. ‘ಕ್ಷ್ಮಿ’ ಅಂಥದ್ದು ಆ ಚೌಕದಲ್ಲಿ ಕೂರುವುದಿಲ್ಲ. ಫೈಲ್ ಒಳಗೆ ಏನೂ ಕೆಟ್ಟಿರುವುದಿಲ್ಲ. ಅನುಮಾನ ಬಂದರೆ ಎಡಿಟರ್‌ನಲ್ಲಿ ತೆರೆದು ನೋಡಿ, ಟರ್ಮಿನಲ್‌ನಲ್ಲಿ ಕಂಡದ್ದನ್ನು ನೋಡಿ ಅಕ್ಷರ ತಿದ್ದಲು ಹೋಗಬೇಡಿ.

ಇನ್ನೊಂದು ಪ್ರಶ್ನೆ. ಆ ಪದಪಟ್ಟಿಗಳನ್ನು ಟೈಪ್ ಮಾಡಿದ್ದು ಯಾವುದರಲ್ಲಿ? ಅಪ್ಪನ ನುಡಿಯಲ್ಲಾ?

ಹೇಮಾವತಿ_ದಂಡೆ

ಎರಡು ಹೋಬಳಿಯದ್ದು ಅಪ್ಪನೇ ನುಡಿಯಲ್ಲಿ ಟೈಪ್ ಮಾಡಿಕೊಟ್ಟರು. ಉಳಿದದ್ದು ಮೊಬೈಲ್‌ನಲ್ಲಿ. ಹೌದು ಸರ್, ‘ಮೇಳಿ’ ಅಂತ ಗ್ರೆಪ್ ಮಾಡಿದರೆ ಮೊಬೈಲ್‌ನಲ್ಲಿ ಮಾಡಿದ ಫೈಲ್‌ಗಳಲ್ಲಿ ಮಾತ್ರ ಸಿಗುತ್ತಿದೆ. ಅದನ್ನೇ ಕೇಳಬೇಕು ಅಂತಿದ್ದೆ.

ನುಡಿಗಂಟು

ಹಾಗಾದರೆ ಆ ಎರಡು ಫೈಲ್ ಹಳೆ ಆಸ್ಕಿ ಫಾಂಟಿನಲ್ಲಿವೆ. ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಕನ್ನಡ ಇಲ್ಲ. ಅಲ್ಲಿ ‘ಕ’ ಅಂದರೆ ಇಂಗ್ಲಿಷಿನ ದೊಡ್ಡ ಪಿ, ಅದರ ಪಕ್ಕ ತಲೆಯ ಮೇಲೆ ಗೀಟಿರುವ ಎ. ಫಾಂಟ್ ಬದಲಿಸಿ ನೋಡಿ, ಆ ಬೆರಕೆ ಹಾಗೇ ಕಾಣುತ್ತದೆ. ಗ್ರೆಪ್, ಪೈಥಾನ್, ಗೂಗಲ್ ಯಾವುದಕ್ಕೂ ಅದು ಕನ್ನಡ ಅಲ್ಲ.

ಗಿಟ್‌ಗೆ ಸೇರಿಸುವ ಮೊದಲೇ ಅವನ್ನು ಯುನಿಕೋಡ್‌ಗೆ (ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ಪಟ್ಟಿಗೆ) ಬದಲಿಸಿಕೊಳ್ಳಿ. ಪರಿವರ್ತಕಗಳು ಸಿಗುತ್ತವೆ. ಬದಲಾದ ಮೇಲೆ ಅರ್ಕಾವತ್ತು ಇರುವ ಪದಗಳನ್ನೂ ಎರಡು ಮೂರು ಒತ್ತು ಸೇರಿದ ಪದಗಳನ್ನೂ ಕಣ್ಣಾರೆ ನೋಡಿ. ತಪ್ಪು ಹೆಚ್ಚಾಗಿ ಅಲ್ಲೇ ಇರುತ್ತದೆ. ಅಪ್ಪನಿಗೂ ಹೇಳಿ, ನುಡಿಯಲ್ಲೇ ಯುನಿಕೋಡ್ ಆರಿಸಿಕೊಂಡು ಟೈಪ್ ಮಾಡಬಹುದು. ಇಷ್ಟು ವರ್ಷ ಕನ್ನಡದಲ್ಲಿ ಟೈಪ್ ಆದ ಎಷ್ಟೋ ಬರಹ ಹೀಗೆ ಹುಡುಕಿದರೆ ಸಿಗದ ಹಾಗೆ ಕೂತಿದೆ. ನಿಮ್ಮ ಪದಪಟ್ಟಿ ಹಾಗಾಗುವುದು ಬೇಡ.

ಯುನಿಕೋಡ್ ಆದ ಮೇಲೂ ಒಂದು ಕಣ್ಕಟ್ಟು ಉಳಿಯುತ್ತದೆ. ‘ಮೇ’ಯಲ್ಲಿರುವ ಏತ್ವವನ್ನು ಒಂದೇ ಕೋಡ್‌ಪಾಯಿಂಟ್ ಆಗಿಯೂ ಬರೆಯಬಹುದು, ಎತ್ವಕ್ಕೆ ದೀರ್ಘದ ಗುರುತು ಸೇರಿಸಿ ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಗ್ರೆಪ್‌ಗೆ ಬೇರೆ ಬೇರೆ. ಪೈಥಾನ್‌ನ ಯುನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ನಾರ್ಮಲೈಸ್ ಅಂತ ಇದೆ. ಎರಡಾಗಿ ಬರೆದದ್ದನ್ನು ಒಂದಾಗಿಸುವ ಎನ್ಎಫ್‌ಸಿ ಆಯ್ಕೆ ಕೊಟ್ಟು ಎಲ್ಲ ಫೈಲ್‌ಗಳನ್ನು ಒಮ್ಮೆ ಹಾಯಿಸಿಬಿಡಿ.

ಕಪ್ಪುಪರದೆ

ಆ ಕೆಲಸಕ್ಕೆ ಕೈ ಹಾಕುವ ಮೊದಲು ಇನ್ನೊಂದು ಸೆಟ್ಟಿಂಗ್. ವಿಂಡೋಸ್‌ನಲ್ಲಿ ಪೈಥಾನ್ ಫೈಲ್ ತೆರೆದಾಗ ಸಾಮಾನ್ಯವಾಗಿ ಯುಟಿಎಫ್-8 ಅಂತ ತಿಳಿಯುವುದಿಲ್ಲ, ವಿಂಡೋಸ್‌ನ ಹಳೆ ಅಕ್ಷರಪಟ್ಟಿ (ಕೋಡ್‌ಪೇಜ್) ಅಂತ ತಿಳಿಯುತ್ತದೆ. ಕನ್ನಡ ಫೈಲ್ ಓದುವಾಗ ಚಾರ್‌ಮ್ಯಾಪ್ ಕೊಡೆಕ್ ಡಿಕೋಡ್ ಮಾಡಲಾಗಲಿಲ್ಲ ಅಂತ ಬರುವ ಎರರ್ ಇದೇ. ಪೈಥಾನ್, ಯುಟಿಎಫ್, 8 ಇಷ್ಟನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಜಾಗ ಬಿಡದೆ ಸೇರಿಸಿ ಒಂದು ಎನ್ವಿರಾನ್‌ಮೆಂಟ್ ವೇರಿಯೇಬಲ್ ಮಾಡಿ, ಬೆಲೆ 1 ಕೊಡಿ. ಕೋಡ್‌ನಲ್ಲೂ ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬರೆದುಬಿಡಿ. ಆಗ ತಂಡದವರ ಯಂತ್ರದಲ್ಲೂ ಅದೇ ಕೋಡ್ ತಕರಾರಿಲ್ಲದೆ ಓಡುತ್ತದೆ.

ಹೇಮಾವತಿ_ದಂಡೆ

ಎಲ್ಲ ಫೈಲ್‌ನಲ್ಲೂ ‘ಮೇಳಿ’ ಸಿಕ್ಕಿತು, ತುಂಬಾ ಖುಷಿಯಾಯಿತು. ಪೈಥಾನ್‌ನ ಸಾರ್ಟ್ ಹಾಕಿ ನೋಡಿದೆ. ‘ಕಳೆ’ ಬಂದು ‘ಕವಣೆ’ಗಿಂತ ಮೇಲೆ ಕೂತಿದೆ. ನಾನು ಮಕ್ಕಳಿಗೆ ಹೇಳಿಕೊಡುವ ವರ್ಣಮಾಲೆಯಲ್ಲಿ ಳ ಕೊನೆಗೆ ಬರುತ್ತದಲ್ವಾ?

ಇನ್ನೊಂದು. ನಮ್ಮಲ್ಲೊಬ್ಬರದು ಮಿಂಟ್. ಅವರು ಪೈಥಾನ್‌ಗೆ ಪ್ಯಾಕೇಜ್ ಸೇರಿಸುವ ಪಿಪ್‌ನಿಂದ ಏನೋ ಹಾಕಲು ಹೋದರೆ ಇದು ಹೊರಗಿನಿಂದ ನಿರ್ವಹಿಸುವ ಪರಿಸರ ಅಂತ ಎರರ್ ಬಂತಂತೆ. ಅವರು ಒಂದೇ ಒಂದು ಪದ ತಿದ್ದಿ ಕಳಿಸಿದರೆ ನನ್ನಲ್ಲಿ ಇಡೀ ಫೈಲ್ ಬದಲಾದ ಹಾಗೆ ತೋರಿಸುತ್ತದೆ.

ನುಡಿಗಂಟು

ಯುನಿಕೋಡ್ ಪಟ್ಟಿಯಲ್ಲಿ ಳ ಇರುವುದು ಲ ಆದ ತಕ್ಷಣ, ವ ಬರುವುದಕ್ಕೆ ಮುಂಚೆ. ಪೈಥಾನ್‌ನ ಸಾದಾ ಸಾರ್ಟ್ ಆ ಕ್ರಮದಲ್ಲೇ ಜೋಡಿಸುತ್ತದೆ. ನಮ್ಮ ಕ್ರಮದಲ್ಲಿ ಕವಣೆ, ಕಸ, ಕಹಿ ಆದ ಮೇಲೆ ಕಳೆ. ವ್ಯಂಜನಗಳನ್ನು ನೀವು ಪಾಠ ಮಾಡುವ ಕ್ರಮದಲ್ಲೇ ಒಂದು ಸಾಲಾಗಿ ಬರೆದುಕೊಳ್ಳಿ. ಸ್ವರ ಮತ್ತು ಕಾಗುಣಿತದ ಗುರುತುಗಳನ್ನೂ ಅವುಗಳ ಜಾಗದಲ್ಲಿ ಸೇರಿಸಿ. ಪ್ರತಿ ಅಕ್ಷರಕ್ಕೆ ಆ ಸಾಲಿನಲ್ಲಿ ಎಷ್ಟನೇ ಜಾಗ ಅನ್ನುವುದನ್ನೇ ಸಾರ್ಟ್‌ಗೆ ಕೀ ಆಗಿ ಕೊಡಿ. ಹತ್ತು ಸಾಲಿನ ಕೋಡ್. ಪೈಥಾನ್‌ನಲ್ಲಿ ನಿಮ್ಮ ಮೊದಲ ಪ್ರೋಗ್ರಾಮ್ ಇದೇ ಆಗಲಿ. ಸಿಕ್ಕಿಕೊಂಡರೆ ಇಲ್ಲೇ ಹಾಕಿ, ನೋಡೋಣ.

ಮಿಂಟ್‌ಪ್ರಿಯ

ಮಿಂಟ್ ಸ್ನೇಹಿತರಿಗೆ ನಾನು ಹೇಳುತ್ತೇನೆ. ಅಲ್ಲಿನ ಸಿಸ್ಟಮ್ ಪೈಥಾನ್ ಮೇಲೆ ಮಿಂಟ್‌ನ ಸ್ವಂತ ಪ್ರೋಗ್ರಾಮ್‌ಗಳೂ ನಿಂತಿವೆ. ಪಿಪ್ ಅದನ್ನು ಕೆಡಿಸದಿರಲಿ ಅಂತ ಬೀಗ ಹಾಕಿದ್ದಾರೆ. ಬ್ರೇಕ್ ಸಿಸ್ಟಮ್ ಪ್ಯಾಕೇಜಸ್ ಅನ್ನುವ ಆಯ್ಕೆ ಕೊಟ್ಟು ದಾಟಬಹುದು ಅಂತ ಎರರ್ ಸಂದೇಶದಲ್ಲೇ ಇರುತ್ತದೆ, ದಯವಿಟ್ಟು ಅದನ್ನು ಕೊಡಬೇಡಿ. ಆಪ್ಟ್‌ನಿಂದ ಪೈಥಾನ್3 ವೆನ್ವ್ ಪ್ಯಾಕೇಜ್ ಹಾಕಿ, ಪ್ರಾಜೆಕ್ಟ್ ಫೋಲ್ಡರ್‌ನಲ್ಲೇ ಒಂದು ವೆನ್ವ್ (ಆ ಪ್ರಾಜೆಕ್ಟ್‌ಗಷ್ಟೇ ಬೇರೆ ಪೈಥಾನ್ ಜಾಗ) ಮಾಡಿ, ಅದನ್ನು ಆಕ್ಟಿವೇಟ್ ಮಾಡಿಕೊಂಡು ಪಿಪ್ ಬಳಸಿ. ಅವರಿಗೆ ಆಕ್ಟಿವೇಟ್ ಫೈಲ್ ಬಿನ್ ಫೋಲ್ಡರ್‌ನಲ್ಲಿ ಇರುತ್ತದೆ, ವಿಂಡೋಸ್‌ನಲ್ಲಿ ನಿಮಗೆ ಸ್ಕ್ರಿಪ್ಟ್ಸ್ ಫೋಲ್ಡರ್‌ನಲ್ಲಿ. ವೆನ್ವ್ ಫೋಲ್ಡರನ್ನು ಗಿಟ್‌ಗೆ ಸೇರಿಸಬೇಡಿ, ಒಬ್ಬರದು ಇನ್ನೊಬ್ಬರಲ್ಲಿ ಓಡುವುದಿಲ್ಲ.

ಕಪ್ಪುಪರದೆ

ಇಡೀ ಫೈಲ್ ಬದಲಾದ ಹಾಗೆ ಕಾಣುವುದು ಸಾಲಿನ ಕೊನೆಯ ಗುರುತಿನಿಂದ. ಸಾಲು ಮುಗಿಯಿತು ಅನ್ನುವುದಕ್ಕೆ ವಿಂಡೋಸ್ ಎರಡು ಬೈಟ್ ಇಡುತ್ತದೆ, ಲಿನಕ್ಸ್ ಒಂದು. ಪ್ರಾಜೆಕ್ಟ್‌ನ ಮುಖ್ಯ ಫೋಲ್ಡರ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ಗಿಟ್ ಆಟ್ರಿಬ್ಯೂಟ್ಸ್ ಫೈಲ್ ಮಾಡಿ. ಅದರಲ್ಲಿ ಒಂದೇ ಸಾಲು: ನಕ್ಷತ್ರ ಚಿಹ್ನೆ, ಜಾಗ ಬಿಟ್ಟು ಟೆಕ್ಸ್ಟ್, ಸಮ ಚಿಹ್ನೆ, ಆಟೋ. ಗಿಟ್ ಒಳಗೆ ಒಂದೇ ರೀತಿ ಇಟ್ಟುಕೊಳ್ಳುತ್ತದೆ. ಈಗಾಗಲೇ ಸೇರಿದ ಫೈಲ್‌ಗಳಿಗೆ ಗಿಟ್ ಆ್ಯಡ್ ಕಮಾಂಡ್ ಜೊತೆ ರೀನಾರ್ಮಲೈಸ್ ಆಯ್ಕೆ ಕೊಟ್ಟು ಒಮ್ಮೆ ಕಮಿಟ್ ಮಾಡಿ (ಬದಲಾವಣೆಯನ್ನು ದಾಖಲಿಸಿ). ಆ ಕಮಿಟ್ ಮಾಡುವ ಹೊತ್ತಿಗೆ ಉಳಿದ ಮೂವರೂ ತಮ್ಮ ತಿದ್ದುಪಡಿಗಳನ್ನು ಕಳಿಸಿ ಮುಗಿಸಿರಲಿ, ಇಲ್ಲದಿದ್ದರೆ ಕೂಡಿಸುವಾಗ ಜಗಳ ಜಾಸ್ತಿ.

ಗಿಟ್ ಫೈಲ್‌ಗಳನ್ನು ಇಂಟರ್ನೆಟ್‌ನಲ್ಲಿ ಇಡುವ ಗಿಟ್‌ಹಬ್‌ ಸೈಟಿನಲ್ಲಿ ಇಡುವುದಾದರೆ, 2021ರ ಆಗಸ್ಟ್ 13ರಿಂದ ಅಲ್ಲಿ ಗಿಟ್ ಕೆಲಸಕ್ಕೆ ಅಕೌಂಟ್ ಪಾಸ್‌ವರ್ಡ್ ನಡೆಯುವುದಿಲ್ಲ. ನಿಮ್ಮಲ್ಲಿ ಮೊದಲ ಸಲ ಪುಶ್ ಮಾಡಿದಾಗ (ಅಲ್ಲಿಗೆ ಕಳಿಸಿದಾಗ) ಬ್ರೌಸರ್ ತೆರೆದು ಲಾಗಿನ್ ಕೇಳುತ್ತದೆ, ಅಷ್ಟು ಸಾಕು. ಮಿಂಟ್‌ನವರು ಪಾಸ್‌ವರ್ಡ್ ಬದಲಿಗೆ ನಡೆಯುವ ಎಸ್‌ಎಸ್‌ಎಚ್ ಕೀ ಮಾಡಿಕೊಂಡು ಅದರ ಪಬ್ಲಿಕ್ ಭಾಗವನ್ನು ಮಾತ್ರ ಅಕೌಂಟಿಗೆ ಸೇರಿಸಲಿ. ಪ್ರೈವೇಟ್ ಭಾಗ ಯಾರಿಗೂ ಕಳಿಸುವಂಥದ್ದಲ್ಲ, ತಂಡದವರಿಗೂ.

ಹೇಮಾವತಿ_ದಂಡೆ

ಆಟ್ರಿಬ್ಯೂಟ್ಸ್ ಫೈಲ್ ಹಾಕಿದ ಮೇಲೆ ಅವರು ತಿದ್ದಿದ ಆ ಒಂದು ಪದ ಮಾತ್ರ ಕಾಣುತ್ತಿದೆ. ಮಿಂಟ್ ಸ್ನೇಹಿತರಿಗೆ ಈ ಪುಟ ಕಳಿಸಿದ್ದೇನೆ. ಅಕಾರಾದಿ ಕೋಡ್ ಶುರು ಮಾಡಿದ್ದೇನೆ, ಕಾಗುಣಿತದ ಗುರುತುಗಳ ಕ್ರಮ ಬರೆಯುತ್ತಿದ್ದೇನೆ. ಕೊನೆಯದಾಗಿ ಒಂದು. ಇವನ್ನೆಲ್ಲ ಆಗಾಗ ಅಪ್‌ಡೇಟ್ ಮಾಡುತ್ತಿರಬೇಕಾ? ಹಾಟ್‌ಸ್ಪಾಟ್ ಡೇಟಾದ ಚಿಂತೆ.

ಕಪ್ಪುಪರದೆ

ಗಿಟ್ ಅಪ್‌ಡೇಟ್ ಮಾಡಿ, ಅದರಲ್ಲಿ ಭದ್ರತೆಯ ದೋಷಗಳನ್ನು ಆಗಾಗ ಸರಿಪಡಿಸುತ್ತಿರುತ್ತಾರೆ. ಪೈಥಾನ್‌ನ ಆವೃತ್ತಿ ಸಂಖ್ಯೆಯಲ್ಲಿ ಎರಡನೇ ಅಂಕಿ ಹಾಗೇ ಇದ್ದು ಮೂರನೆಯದು ಮಾತ್ರ ಬದಲಾಗಿದ್ದರೆ ಧೈರ್ಯವಾಗಿ ಹಾಕಿ. ಎರಡನೆಯದೇ ಬದಲಾದರೆ ಅದು ಬೇರೆ ಪೈಥಾನ್ ಆಗಿ ಪಕ್ಕದಲ್ಲಿ ಕೂರುತ್ತದೆ, ನಿಮ್ಮ ವೆನ್ವ್ ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ಈ ಕೆಲಸ ಮುಗಿಯುವ ತನಕ ಅದು ಬೇಡ. ಅಪ್‌ಡೇಟ್ ಆದ ಮೇಲೆ ವೇರ್ ಕೊಟ್ಟು ಮೇಲಿನ ಸಾಲು ಯಾವುದು ಅಂತ ನೋಡಿಕೊಳ್ಳಿ. ಕಾಗುಣಿತದ ಕ್ರಮ ಬರೆದಾದ ಮೇಲೆ ಆ ಕೋಡ್ ಇಲ್ಲಿಗೆ ಹಾಕಿ, ಅನುಸ್ವಾರ ಎಲ್ಲಿ ಕೂರಬೇಕು ಅನ್ನುವುದನ್ನು ನುಡಿಗಂಟು ಅವರ ಜೊತೆ ಕೂತು ಸರಿ ಮಾಡೋಣ.